ಮಹಾಮಹೋಪಾಧ್ಯಾಯ ಡಾ. ಆರ್. ಶಾಮಶಾಸ್ತ್ರಿ (1868–1944): ಗ್ರಂಥಾಲಯದ ಮೇಜಿನಿಂದ ಲೋಕಕ್ಕೆ ಬಂದ ಅರ್ಥಶಾಸ್ತ್ರ

ಹಳೆಯ ಹಸ್ತಪ್ರತಿಗಳನ್ನು ಪರಿಶೀಲಿಸಲು, ಅವುಗಳ ಪ್ರತಿಗಳನ್ನು ಪಡೆಯಲು ಅಥವಾ ತಮ್ಮ ಮನೆಯಲ್ಲಿರುವ ಓಲೆಗರಿ ಕಟ್ಟುಗಳನ್ನು ಗ್ರಂಥಾಲಯಗಳಿಗೆ ಒಪ್ಪಿಸಲು ಅರ್ಜಿ ಸಲ್ಲಿಸುವ ನಾಗರಿಕರ ತಿಳಿವಳಿಕೆಗಾಗಿ ಈ ಜೀವನ ಪರಿಚಯವನ್ನು ನೀಡಲಾಗಿದೆ. ಗ್ರಂಥಾಲಯವೆಂದರೆ ಪುಸ್ತಕಗಳನ್ನು ಕಾಯುವ ಸ್ಥಳವೆಂಬ ಭಾವನೆ ಸಾಮಾನ್ಯವಾಗಿದೆ. ಗ್ರಂಥಾಲಯವು ವಿದ್ವತ್ತಿನ ಕೆಲಸದಲ್ಲಿ ಸಮಾನ ಪಾಲುದಾರನಾದಾಗ ಏನನ್ನು ಸಾಧಿಸಬಹುದು ಎಂಬುದಕ್ಕೆ ಮೈಸೂರಿನ ಶಾಮಶಾಸ್ತ್ರಿಗಳ ಜೀವನವು ಉತ್ತಮ ನಿದರ್ಶನವಾಗಿದೆ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳೂ ಅಧ್ಯಾಪಕರೂ ಗಣಕಯಂತ್ರದ ನೆರವಿನಿಂದ ಇಂದು ಜೊತೆಗೂಡಿ ನಡೆಸುತ್ತಿರುವ ಡಿಜಿಟಲ್ ಮಾನವಿಕ ಅಧ್ಯಯನಗಳ ಹಿಂದಿರುವ ತತ್ತ್ವವನ್ನು ಅವರ ಕೆಲಸದಲ್ಲಿ ಸ್ಪಷ್ಟವಾಗಿ ಕಾಣಬಹುದಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಶಾಮಶಾಸ್ತ್ರಿಗಳು 1868ರಲ್ಲಿ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿಗೆ ಸೇರಿದ ರುದ್ರಪಟ್ಟಣದಲ್ಲಿ ಜನಿಸಿದರು. ಕಾವೇರಿ ನದಿಯ ದಡದಲ್ಲಿರುವ ಈ ಗ್ರಾಮವು ವೇದಾಧ್ಯಯನಕ್ಕೂ ಕರ್ನಾಟಕ ಸಂಗೀತಕ್ಕೂ ಹೆಸರಾದುದು. ಅವರ ಹೆಸರಿನ ಮೊದಲ ಅಕ್ಷರವಾದ ಆರ್. ಎಂಬುದು ಈ ಊರಿನ ಹೆಸರನ್ನೇ ಸೂಚಿಸುತ್ತದೆ. ಊರಿನಲ್ಲಿ ಮೊದಲ ಪಾಠಗಳನ್ನು ಕಲಿತ ನಂತರ ಅವರು ಮೈಸೂರಿಗೆ ತೆರಳಿ ಸಂಸ್ಕೃತ ಪಾಠಶಾಲೆಯಲ್ಲಿ ಶಾಸ್ತ್ರಗಳನ್ನು ಅಭ್ಯಾಸ ಮಾಡಿ ವಿದ್ವತ್ ಪರೀಕ್ಷೆಯಲ್ಲಿ ಉನ್ನತ ಸ್ಥಾನದಲ್ಲಿ ತೇರ್ಗಡೆಯಾದರು. ಆ ಬಳಿಕ ಇಂಗ್ಲಿಷ್ ವಿದ್ಯಾಭ್ಯಾಸವನ್ನೂ ಕೈಗೊಂಡು 1889ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನು ಪಡೆದರು.

ಸಾಂಪ್ರದಾಯಿಕ ಪಾಂಡಿತ್ಯ ಹಾಗೂ ಆಧುನಿಕ ಶಿಕ್ಷಣ ಎರಡೂ ಒಬ್ಬರಲ್ಲಿಯೇ ಕೂಡಿರುವುದು ಆ ಕಾಲದಲ್ಲಿ ಅಪರೂಪವಾಗಿತ್ತು. ಪಾಠಶಾಲೆಯ ಪಂಡಿತರಿಗೆ ಮೂಲಗ್ರಂಥಗಳನ್ನು ಓದುವ ಸಾಮರ್ಥ್ಯವಿತ್ತು. ಆದರೆ ಮುದ್ರಣ, ಸಂಪಾದನೆ ಮತ್ತು ಹೊರದೇಶದ ವಿದ್ವಾಂಸರೊಡನೆ ವಿಚಾರ ವಿನಿಮಯದ ಅಭ್ಯಾಸವಿರಲಿಲ್ಲ. ಕಾಲೇಜಿನಲ್ಲಿ ಕಲಿತವರಿಗೆ ಈ ಅಭ್ಯಾಸಗಳಿದ್ದರೂ ಓಲೆಗರಿಯ ಹಳೆಯ ಲಿಪಿಗಳನ್ನು ಓದಲು ಬರುತ್ತಿರಲಿಲ್ಲ. ಶಾಮಶಾಸ್ತ್ರಿಗಳು ಈ ಎರಡೂ ಲೋಕಗಳಲ್ಲಿ ಸಲೀಸಾಗಿ ಸಂಚರಿಸಬಲ್ಲವರಾಗಿದ್ದರು. ಆಗ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಈ ಯೋಗ್ಯತೆಯನ್ನು ಗುರುತಿಸಿ ಪ್ರೋತ್ಸಾಹ ನೀಡಿದರು. ಇದರ ಫಲವಾಗಿ ಶಾಸ್ತ್ರಿಗಳು ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿ ಸೇವೆಗೆ ಸೇರಿದರು.

ಸರ್ಕಾರಿ ಓರಿಯಂಟಲ್ ಲೈಬ್ರರಿ

ಈ ಗ್ರಂಥಾಲಯವನ್ನು ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ 1891ರಲ್ಲಿ ಸ್ಥಾಪಿಸಲಾಯಿತು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ಸ್ಮಾರಕವಾಗಿ ಮೈಸೂರಿನಲ್ಲಿ ನಿರ್ಮಿಸಿದ್ದ ಜ್ಯೂಬಿಲಿ ಕಟ್ಟಡವು ಅದರ ನೆಲೆಯಾಯಿತು. ನಾಡಿನ ಮನೆ, ಮಠ ಮತ್ತು ಅಗ್ರಹಾರಗಳಲ್ಲಿ ಚದುರಿಹೋಗಿದ್ದ ಸಂಸ್ಕೃತ ಮತ್ತು ಕನ್ನಡ ಹಸ್ತಪ್ರತಿಗಳನ್ನು ಸಂಗ್ರಹಿಸುವುದು, ಅವುಗಳ ಪಟ್ಟಿ ತಯಾರಿಸುವುದು ಮತ್ತು ಯೋಗ್ಯವಾದವುಗಳನ್ನು ಸಂಪಾದಿಸಿ ಪ್ರಕಟಿಸುವುದು ಈ ಸಂಸ್ಥೆಯ ಕಾರ್ಯವಾಗಿತ್ತು. ಸಂಗ್ರಹ, ಪಟ್ಟಿ ಮತ್ತು ಪ್ರಕಟಣೆ ಎಂಬ ಮೂರೂ ಕೆಲಸಗಳು ಒಂದೇ ಸೂರಿನಡಿ ನಡೆಯುತ್ತಿದ್ದುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಸಂಸ್ಕೃತ ಗ್ರಂಥಗಳಿಗಾಗಿ ಬಿಬ್ಲಿಯೋಥಿಕಾ ಸಂಸ್ಕೃತಾ ಎಂಬ ಮಾಲೆಯನ್ನೂ ಕನ್ನಡ ಗ್ರಂಥಗಳಿಗಾಗಿ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯನ್ನೂ ಪ್ರಕಟಿಸಲಾಗುತ್ತಿತ್ತು.

ಓಲೆಗರಿಯ ಪ್ರತಿಯೊಂದನ್ನು ಪಟ್ಟಿಗೆ ಸೇರಿಸುವುದು ಸುಲಭದ ಕೆಲಸವಾಗಿರಲಿಲ್ಲ. ಗರಿಗಳ ಮೇಲೆ ಕಂಟದಿಂದ ಕೊರೆದ ಅಕ್ಷರಗಳು ಮಸಿ ಹಚ್ಚಿದ ನಂತರವೇ ಕಣ್ಣಿಗೆ ಕಾಣುತ್ತವೆ. ಪದಗಳ ನಡುವೆ ಅಂತರವಿರುವುದಿಲ್ಲ. ಮುಖಪುಟವೆಂಬುದು ಇರುವುದಿಲ್ಲ, ಗ್ರಂಥದ ಹೆಸರು ಕೊನೆಯ ಗರಿಯಲ್ಲಿ ಇದ್ದರೂ ಇರಬಹುದು, ಆ ಗರಿಯೇ ಕಳೆದುಹೋಗಿರಲೂಬಹುದು. ಒಂದೇ ಕಟ್ಟಿನಲ್ಲಿ ಎರಡು ಮೂರು ಬೇರೆ ಬೇರೆ ಕೃತಿಗಳು ಸೇರಿರುವುದುಂಟು. ಹುಳು ತಿಂದ ಅಂಚುಗಳು, ಅದಲುಬದಲಾದ ಗರಿಗಳು, ಮುಟ್ಟಿದರೆ ಮುರಿಯುವಷ್ಟು ಒಣಗಿದ ಎಲೆಗಳು ಇವೆಲ್ಲವನ್ನೂ ತಾಳ್ಮೆಯಿಂದ ನಿರ್ವಹಿಸಬೇಕಾಗಿತ್ತು. ಕಟ್ಟಿನಲ್ಲಿ ಏನಿದೆ ಎಂದು ಒಂದು ಸಾಲು ಬರೆಯಬೇಕಾದರೂ ಗ್ರಂಥಪಾಲಕನು ಅದನ್ನು ಓದಿ ಅರ್ಥ ಮಾಡಿಕೊಳ್ಳಲೇಬೇಕಾಗಿತ್ತು. ಶಾಮಶಾಸ್ತ್ರಿಗಳ ದಿನನಿತ್ಯದ ಕರ್ತವ್ಯ ಇದೇ ಆಗಿತ್ತು.

ತಂಜಾವೂರಿನಿಂದ ಬಂದ ಕಟ್ಟು

ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಈ ಗ್ರಂಥಾಲಯಕ್ಕೆ ಓಲೆಗರಿ ಹಸ್ತಪ್ರತಿಯೊಂದನ್ನು ಒಪ್ಪಿಸಿದ್ದರು. ಅದು ತಮಿಳುನಾಡಿನಲ್ಲಿ ಸಂಸ್ಕೃತವನ್ನು ಬರೆಯಲು ಬಳಸುತ್ತಿದ್ದ ಗ್ರಂಥ ಲಿಪಿಯಲ್ಲಿತ್ತು. ಅದರೊಡನೆ ಕೃತಿಯ ಒಂದು ಸಣ್ಣ ಭಾಗಕ್ಕೆ ಭಟ್ಟಸ್ವಾಮಿ ಎಂಬಾತನು ಬರೆದ ವ್ಯಾಖ್ಯಾನವೂ ಇತ್ತು. ಶಾಮಶಾಸ್ತ್ರಿಗಳು ಇದನ್ನು ಪರಿಶೀಲಿಸಿದಾಗ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂಬುದು ತಿಳಿದುಬಂದಿತು. ಈ ಶೋಧದ ವರ್ಷವು 1905 ಎಂದು ಪರಿಗಣಿತವಾಗಿದೆ.

ಈ ಗುರುತಿಸುವಿಕೆಯ ಮಹತ್ವವನ್ನು ತಿಳಿಯಲು ಅದುವರೆಗಿನ ಸ್ಥಿತಿಯನ್ನು ಅರಿಯಬೇಕು. ಕೌಟಿಲ್ಯನು ರಾಜ್ಯಶಾಸ್ತ್ರವನ್ನು ಕುರಿತು ಗ್ರಂಥವೊಂದನ್ನು ಬರೆದಿದ್ದನೆಂಬುದು ವಿದ್ವಾಂಸರಿಗೆ ಗೊತ್ತಿತ್ತು. ದಂಡಿ, ಬಾಣ ಮೊದಲಾದ ಕವಿಗಳು ಅದನ್ನು ಹೆಸರಿಸಿದ್ದರು. ಮಲ್ಲಿನಾಥನಂತಹ ವ್ಯಾಖ್ಯಾನಕಾರರು ಅದರಿಂದ ಮಾತುಗಳನ್ನು ಎತ್ತಿಕೊಂಡಿದ್ದರು. ಆದರೆ ಪೂರ್ಣ ಗ್ರಂಥವು ಆಧುನಿಕ ವಿದ್ವತ್ ಪ್ರಪಂಚಕ್ಕೆ ದೊರೆತಿರಲಿಲ್ಲ. ಪ್ರಾಚೀನ ಭಾರತೀಯರು ಧರ್ಮ ಮತ್ತು ಮೋಕ್ಷಗಳನ್ನು ಕುರಿತಷ್ಟೇ ಚಿಂತಿಸಿದರು, ಆಡಳಿತ, ಹಣಕಾಸು ಮತ್ತು ಕಾನೂನುಗಳ ಬಗ್ಗೆ ಶಾಸ್ತ್ರೀಯವಾಗಿ ಯೋಚಿಸಲಿಲ್ಲ ಎಂಬ ಅಭಿಪ್ರಾಯವು ಆಗ ಬಲವಾಗಿತ್ತು.

15 ಅಧಿಕರಣಗಳು, 150 ಅಧ್ಯಾಯಗಳು ಮತ್ತು 180 ಪ್ರಕರಣಗಳನ್ನುಳ್ಳ ಈ ಗ್ರಂಥವು ಆ ಅಭಿಪ್ರಾಯವನ್ನು ಬದಲಿಸಿತು. ಇದರಲ್ಲಿ ಭೂಕಂದಾಯ, ಗಣಿ, ತೂಕ ಮತ್ತು ಅಳತೆ, ಸುಂಕ, ನ್ಯಾಯವಿಚಾರಣೆ, ಕೋಟೆ, ಸೈನ್ಯ, ಗೂಢಚಾರಿಕೆ ಮತ್ತು ವಿದೇಶ ಸಂಬಂಧಗಳ ವಿವರಗಳಿವೆ. ಅಕ್ಷಪಟಲವೆಂಬ ಲೆಕ್ಕಪತ್ರ ಕಚೇರಿಯಲ್ಲಿ ದಾಖಲೆಗಳನ್ನು ಹೇಗೆ ಇಡಬೇಕೆಂಬುದನ್ನು ಎರಡನೆಯ ಅಧಿಕರಣವು ತಿಳಿಸುತ್ತದೆ. ಅಧಿಕಾರಿಗಳು ಸರ್ಕಾರದ ಹಣವನ್ನು ಅಪಹರಿಸಬಹುದಾದ 40 ಬಗೆಗಳನ್ನು ಅದು ಪಟ್ಟಿ ಮಾಡುತ್ತದೆ. ರಾಜಾಜ್ಞೆಯನ್ನು ಬರೆಯುವಾಗ ಇರಬೇಕಾದ ಗುಣಗಳೆಂದು ವಿಷಯದ ಕ್ರಮ, ಪೂರ್ವಾಪರ ಸಂಬಂಧ, ಪೂರ್ಣತೆ, ಮಾಧುರ್ಯ, ಔದಾರ್ಯ ಮತ್ತು ಸ್ಪಷ್ಟತೆ ಎಂಬ ಆರನ್ನು ಹೆಸರಿಸುತ್ತದೆ. ಕಚೇರಿಗಳಲ್ಲಿ ಕಡತ ನಿರ್ವಹಿಸುವವರಿಗೂ ಅರ್ಜಿ ಬರೆಯುವವರಿಗೂ ಈ ಆರು ಗುಣಗಳು ಇಂದಿಗೂ ಉಪಯುಕ್ತವಾಗಿವೆ.

ಓದು, ಸಂಪಾದನೆ ಮತ್ತು ಅನುವಾದ

ಹಸ್ತಪ್ರತಿಯನ್ನು ಗುರುತಿಸಿದುದು ಕೆಲಸದ ಆರಂಭವಷ್ಟೇ ಆಗಿತ್ತು. ಶಾಸ್ತ್ರಿಗಳು ಗ್ರಂಥ ಲಿಪಿಯ ಪಾಠವನ್ನು ಓದಿ, ಪದಗಳನ್ನು ಬಿಡಿಸಿ, ದೇವನಾಗರಿಯಲ್ಲಿ ಮುದ್ರಣಕ್ಕೆ ಸಿದ್ಧಪಡಿಸಿದರು. ಅರ್ಥಶಾಸ್ತ್ರದ ಭಾಷೆಯು ಸೂತ್ರಪ್ರಾಯವಾದುದು. ಬೇರೆಲ್ಲಿಯೂ ಕಾಣದ ಪಾರಿಭಾಷಿಕ ಪದಗಳು ಅದರಲ್ಲಿ ಹೇರಳವಾಗಿವೆ. ಅಧಿಕಾರಿಗಳ ಪದನಾಮಗಳು, ತೆರಿಗೆಗಳ ಹೆಸರುಗಳು, ಲೋಹಗಳ ಮತ್ತು ಬಟ್ಟೆಗಳ ಬಗೆಗಳು ಇವುಗಳಿಗೆ ಆಗ ದೊರೆಯುತ್ತಿದ್ದ ನಿಘಂಟುಗಳಲ್ಲಿ ಸಾಕಷ್ಟು ವಿವರಣೆ ಇರಲಿಲ್ಲ.

ಗ್ರಂಥ ಪೂರ್ಣವಾಗುವವರೆಗೆ ಅವರು ವಿಷಯವನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಕೌಟಿಲ್ಯನ ಭೂಮಿ ಮತ್ತು ಕಂದಾಯ ನೀತಿಯನ್ನು ಕುರಿತು 1905ರಲ್ಲಿಯೇ ಇಂಡಿಯನ್ ಆಂಟಿಕ್ವೆರಿ ಎಂಬ ವಿದ್ವತ್ ಪತ್ರಿಕೆಯಲ್ಲಿ ಬರೆದರು. ನಂತರದ ವರ್ಷಗಳಲ್ಲಿ ಅನುವಾದದ ಭಾಗಗಳನ್ನು ಅದೇ ಪತ್ರಿಕೆಯಲ್ಲಿಯೂ ಮೈಸೂರು ರಿವ್ಯೂ ಪತ್ರಿಕೆಯಲ್ಲಿಯೂ ಬಿಡಿಬಿಡಿಯಾಗಿ ಪ್ರಕಟಿಸಿದರು. ಹೀಗೆ ಕೆಲಸವು ನಡೆಯುತ್ತಿರುವಾಗಲೇ ಇತರರು ಅದನ್ನು ಓದಿ ಪರೀಕ್ಷಿಸಲು ಅವಕಾಶವಾಯಿತು. ಸಂಸ್ಕೃತ ಮೂಲವು 1909ರಲ್ಲಿ ಮೈಸೂರಿನ ಬಿಬ್ಲಿಯೋಥಿಕಾ ಸಂಸ್ಕೃತಾ ಮಾಲೆಯ 37ನೆಯ ಗ್ರಂಥವಾಗಿ ಪ್ರಕಟವಾಯಿತು. ಸಂಪೂರ್ಣ ಇಂಗ್ಲಿಷ್ ಅನುವಾದವು 1915ರಲ್ಲಿ ಬೆಂಗಳೂರಿನ ಸರ್ಕಾರಿ ಮುದ್ರಣಾಲಯದಿಂದ ಹೊರಬಂದಿತು. ಕನ್ನಡ ನಾಡಿನ ಶಾಸನಗಳ ಅಧ್ಯಯನಕ್ಕೆ ಹೆಸರಾದ ಜೆ.ಎಫ್. ಫ್ಲೀಟ್ ಅವರು ಅದಕ್ಕೆ ಪ್ರಸ್ತಾವನೆಯನ್ನು ಬರೆದರು.

ಈ ಪ್ರಕಟಣೆಗಳು ದೇಶವಿದೇಶಗಳಲ್ಲಿ ಗಮನ ಸೆಳೆದವು. ಜರ್ಮನಿಯ ಹರ್ಮನ್ ಯಾಕೋಬಿ, ಜೂಲಿಯಸ್ ಯೋಲಿ ಮೊದಲಾದ ವಿದ್ವಾಂಸರು ಗ್ರಂಥದ ಕಾಲ ಮತ್ತು ಕರ್ತೃತ್ವವನ್ನು ಕುರಿತು ಚರ್ಚೆ ನಡೆಸಿದರು. ಇತಿಹಾಸಕಾರ ವಿನ್ಸೆಂಟ್ ಸ್ಮಿತ್ ಅವರು ಪ್ರಾಚೀನ ಭಾರತದ ಇತಿಹಾಸವನ್ನು ಕುರಿತ ತಮ್ಮ ಗ್ರಂಥದ ನಂತರದ ಆವೃತ್ತಿಯಲ್ಲಿ ಇದನ್ನು ಬಳಸಿಕೊಂಡರು. ಮೈಸೂರಿನ ಗ್ರಂಥಾಲಯವೊಂದರಲ್ಲಿ ನಡೆದ ಪಟ್ಟಿ ತಯಾರಿಕೆಯ ಕೆಲಸವು ಹತ್ತು ವರ್ಷಗಳಲ್ಲಿ ಭಾರತದ ಇತಿಹಾಸ ಬರವಣಿಗೆಯ ದಿಕ್ಕನ್ನೇ ಬದಲಿಸಿತು.

ತಿದ್ದುಪಡಿಗೆ ತೆರೆದ ಕೆಲಸ

ಮೊದಲ ಮುದ್ರಣಕ್ಕೆ ಆಧಾರವಾಗಿ ದೊರೆತ ಸಾಮಗ್ರಿಯು ಅತ್ಯಲ್ಪವಾಗಿತ್ತು. ಒಂದೇ ಪ್ರತಿಯನ್ನು ಬಹುಮಟ್ಟಿಗೆ ಅವಲಂಬಿಸಿದಾಗ ಲಿಪಿಕಾರನ ತಪ್ಪುಗಳು ಯಾವುವು, ಮೂಲದ ಮಾತುಗಳು ಯಾವುವು ಎಂದು ನಿರ್ಧರಿಸುವುದು ಕಷ್ಟ. ಆದರೆ ಮುದ್ರಿತ ಗ್ರಂಥವು ಕೈಗೆ ಬಂದುದರಿಂದ ಇತರ ಸಂಗ್ರಹಗಳಲ್ಲಿಯೂ ಹುಡುಕಾಟ ಆರಂಭವಾಗಿ ಬೇರೆ ಪ್ರತಿಗಳು ಬೆಳಕಿಗೆ ಬಂದವು. ಮ್ಯೂನಿಕ್ ನಗರದ ಪ್ರತಿಯೊಂದನ್ನು ಬಳಸಿಕೊಂಡು ಯೋಲಿ ಮತ್ತು ಶ್ಮಿಡ್ಟ್ ಅವರು ಸಿದ್ಧಪಡಿಸಿದ ಆವೃತ್ತಿಯು 1923–24ರಲ್ಲಿ ಲಾಹೋರಿನಲ್ಲಿ ಪ್ರಕಟವಾಯಿತು. ತಿರುವನಂತಪುರದಲ್ಲಿ ಟಿ. ಗಣಪತಿ ಶಾಸ್ತ್ರಿಗಳು ತಮ್ಮದೇ ವ್ಯಾಖ್ಯಾನದೊಡನೆ 1924–25ರಲ್ಲಿ ಇನ್ನೊಂದು ಆವೃತ್ತಿಯನ್ನು ಹೊರತಂದರು. ಬಹುಕಾಲದ ನಂತರ ಆರ್.ಪಿ. ಕಾಂಗ್ಲೆ ಅವರು ಲಭ್ಯ ಪ್ರತಿಗಳನ್ನೆಲ್ಲ ಹೋಲಿಸಿ ಸಿದ್ಧಪಡಿಸಿದ ಪರಿಷ್ಕೃತ ಪಾಠವು 1960ರಲ್ಲಿ ಮುಂಬಯಿಯಲ್ಲಿ ಪ್ರಕಟವಾಯಿತು.

ಈ ವಿದ್ವಾಂಸರು ಶಾಮಶಾಸ್ತ್ರಿಗಳ ಪಾಠದಲ್ಲಿಯೂ ಅನುವಾದದಲ್ಲಿಯೂ ಹಲವು ತಿದ್ದುಪಡಿಗಳನ್ನು ಮಾಡಿದ್ದಾರೆ. ಶಾಸ್ತ್ರಿಗಳು ಸಹ ತಮ್ಮ ಕೆಲಸವನ್ನು ಮುಗಿದುದೆಂದು ಭಾವಿಸಲಿಲ್ಲ. ಸಂಸ್ಕೃತ ಮೂಲವನ್ನು 1919 ಮತ್ತು 1924ರಲ್ಲಿ ಮರುಮುದ್ರಿಸಲಾಯಿತು. ಇಂಗ್ಲಿಷ್ ಅನುವಾದದ ಎರಡನೆಯ ಆವೃತ್ತಿ 1923ರಲ್ಲಿಯೂ ಮೂರನೆಯ ಆವೃತ್ತಿ 1929ರಲ್ಲಿಯೂ ಪ್ರಕಟವಾದವು. ಗ್ರಂಥದ ಕಾಲದ ವಿಷಯದಲ್ಲಿಯೂ ಅಭಿಪ್ರಾಯಗಳು ಬದಲಾಗಿವೆ. ಚಂದ್ರಗುಪ್ತ ಮೌರ್ಯನ ಮಂತ್ರಿಯೇ ಇದನ್ನು ಕ್ರಿ.ಪೂ. 4ನೆಯ ಶತಮಾನದಲ್ಲಿ ರಚಿಸಿದನೆಂಬುದು ಶಾಸ್ತ್ರಿಗಳ ನಿಲುವಾಗಿತ್ತು. ಗ್ರಂಥವು ಹಲವು ಹಂತಗಳಲ್ಲಿ ರೂಪುಗೊಂಡಿತೆಂದೂ ಅದರ ಈಗಿನ ರೂಪವು ಕ್ರಿಸ್ತಶಕದ ಆರಂಭದ ಶತಮಾನಗಳಿಗೆ ಸೇರಿದುದೆಂದೂ ಇಂದಿನ ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಇದರಿಂದ ಶಾಸ್ತ್ರಿಗಳ ಕೀರ್ತಿಗೆ ಕುಂದುಂಟಾಗುವುದಿಲ್ಲ. ಗ್ರಂಥವನ್ನು ಎಲ್ಲರ ಮುಂದಿಟ್ಟವರು ಅವರಾದುದರಿಂದಲೇ ಈ ತಿದ್ದುಪಡಿಗಳು ಸಾಧ್ಯವಾದವು.

ಕೈಯಿಂದ ಸಿದ್ಧವಾದ ಪದಸೂಚಿ

ಶಾಸ್ತ್ರಿಗಳ ಕೃತಿಗಳಲ್ಲಿ ಸಾಮಾನ್ಯ ಓದುಗರ ಗಮನಕ್ಕೆ ಬಾರದಿರುವ, ಆದರೆ ಇಂದಿನ ದೃಷ್ಟಿಯಿಂದ ಅತ್ಯಂತ ಮುಖ್ಯವಾದುದೊಂದಿದೆ. ಅದು 1924–25ರಲ್ಲಿ ಮೈಸೂರಿನಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾದ ಅರ್ಥಶಾಸ್ತ್ರದ ಪದಸೂಚಿ. ಆ ವೇಳೆಗೆ ಪ್ರಕಟವಾಗಿದ್ದ ಪಾಠಗಳಲ್ಲಿನ ಪದಗಳನ್ನು ಅಕಾರಾದಿಯಾಗಿ ಜೋಡಿಸಿ, ಪ್ರತಿಯೊಂದು ಪದವು ಎಲ್ಲೆಲ್ಲಿ ಬರುತ್ತದೆ ಎಂಬುದನ್ನು ಅದರಲ್ಲಿ ನೀಡಲಾಗಿದೆ. ಗಣಕಯಂತ್ರವಿಲ್ಲದ ಕಾಲದಲ್ಲಿ ಇಂತಹ ಕೆಲಸಕ್ಕೆ ಪದಪದವನ್ನೂ ಕೈಯಿಂದ ಬರೆದು, ವಿಂಗಡಿಸಿ, ಮತ್ತೆ ಮೂಲದೊಡನೆ ತಾಳೆ ನೋಡಬೇಕಾಗಿತ್ತು.

ಪದಸೂಚಿಯ ಪ್ರಯೋಜನವೇನೆಂಬ ಪ್ರಶ್ನೆ ಸಹಜವಾಗಿ ಏಳಬಹುದು. ಒಂದು ಅಪರಿಚಿತ ಪದದ ಅರ್ಥವನ್ನು ನಿರ್ಧರಿಸಲು ಅದು ಬರುವ ಎಲ್ಲ ಸಂದರ್ಭಗಳನ್ನೂ ಒಟ್ಟಿಗೆ ನೋಡಬೇಕಾಗುತ್ತದೆ. ಎರಡು ಭಾಗಗಳನ್ನು ಒಬ್ಬನೇ ಬರೆದನೇ ಎಂದು ತಿಳಿಯಲು ಅವುಗಳ ಪದಬಳಕೆಯನ್ನು ಹೋಲಿಸಬೇಕಾಗುತ್ತದೆ. ಓದುಗನ ನೆನಪಿಗೆ ಮೀರಿದ ಇಂತಹ ಹೋಲಿಕೆಗಳನ್ನು ಸೂಚಿಯು ಸಾಧ್ಯವಾಗಿಸುತ್ತದೆ. ಇಟಲಿಯ ಪಾದ್ರಿ ರೊಬೆರ್ತೊ ಬುಸಾ ಅವರು 1949ರಲ್ಲಿ ಐಬಿಎಂ ಸಂಸ್ಥೆಯ ನೆರವಿನಿಂದ ಸಂತ ಥಾಮಸ್ ಅಕ್ವಿನಾಸ್‌ನ ಕೃತಿಗಳ ಪದಸೂಚಿಯನ್ನು ಯಂತ್ರಗಳ ಮೂಲಕ ಸಿದ್ಧಪಡಿಸಲು ಆರಂಭಿಸಿದರು. ಅದು ಮುಂದೆ 56 ಸಂಪುಟಗಳಾಗಿ ಮುದ್ರಣಗೊಂಡಿತು. ಡಿಜಿಟಲ್ ಮಾನವಿಕ ಅಧ್ಯಯನದ ಆರಂಭವನ್ನು ಸಾಮಾನ್ಯವಾಗಿ ಈ ಯೋಜನೆಯಿಂದ ಗುರುತಿಸಲಾಗುತ್ತದೆ. ಅದೇ ಉದ್ದೇಶದ ಸಾಧನವೊಂದನ್ನು ಮೈಸೂರಿನ ವಿದ್ವಾಂಸರು ಅದಕ್ಕಿಂತ ಸುಮಾರು 25 ವರ್ಷಗಳ ಹಿಂದೆಯೇ ಕೈಯಿಂದ ಸಿದ್ಧಪಡಿಸಿದ್ದರು.

ಪದಗಳ ಎಣಿಕೆಯಿಂದ ದೊರೆಯುವ ಫಲವನ್ನು ಅರ್ಥಶಾಸ್ತ್ರದ ವಿಷಯದಲ್ಲಿಯೇ ಕಾಣಬಹುದು. ಥಾಮಸ್ ಟ್ರೌಟ್‌ಮನ್ ಅವರು 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಂಸ್ಕೃತದ ಚ, ವಾ ಮುಂತಾದ ಸಣ್ಣ ಅವ್ಯಯಗಳು ಗ್ರಂಥದ ಬೇರೆ ಬೇರೆ ಅಧಿಕರಣಗಳಲ್ಲಿ ಎಷ್ಟು ಬಾರಿ ಬರುತ್ತವೆ ಎಂಬುದನ್ನು ಸಂಖ್ಯಾಶಾಸ್ತ್ರದ ವಿಧಾನಗಳಿಂದ ಪರಿಶೀಲಿಸಿದರು. ಲೇಖಕನು ವಿಷಯಕ್ಕೆ ತಕ್ಕಂತೆ ದೊಡ್ಡ ಪದಗಳನ್ನು ಬದಲಿಸುತ್ತಾನೆ. ಸಣ್ಣ ಪದಗಳನ್ನು ತನಗರಿವಿಲ್ಲದೆ ಒಂದೇ ಅಭ್ಯಾಸದಿಂದ ಬಳಸುತ್ತಾನೆ ಎಂಬುದು ಇದರ ಆಧಾರ. ದೊಡ್ಡ ಅಧಿಕರಣಗಳ ನಡುವೆ ಕಂಡ ವ್ಯತ್ಯಾಸಗಳಿಂದ ಗ್ರಂಥವು ಒಬ್ಬನದೇ ರಚನೆಯಲ್ಲವೆಂಬ ತೀರ್ಮಾನಕ್ಕೆ ಅವರು ಬಂದರು.

ಇತರ ಸೇವೆಗಳು ಮತ್ತು ಗೌರವಗಳು

ಶಾಮಶಾಸ್ತ್ರಿಗಳು 1912ರಿಂದ 1918ರವರೆಗೆ ಬೆಂಗಳೂರಿನ ಶ್ರೀ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಮೈಸೂರು ವಿಶ್ವವಿದ್ಯಾಲಯವು 1916ರಲ್ಲಿ ಸ್ಥಾಪನೆಯಾದ ನಂತರ ಓರಿಯಂಟಲ್ ಲೈಬ್ರರಿಯು ಅದರ ಅಂಗವಾಯಿತು. ಶಾಸ್ತ್ರಿಗಳು ಈ ಗ್ರಂಥಾಲಯಕ್ಕೆ ಹಿಂದಿರುಗಿ ಅದರ ಕ್ಯುರೇಟರ್ ಆಗಿ ಸೇವೆ ಸಲ್ಲಿಸಿದರು. 1920ರ ದಶಕದಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿ ಶಾಸನಗಳ ಸಂಶೋಧನೆಯ ಹೊಣೆಯನ್ನೂ ನಿರ್ವಹಿಸಿದರು. ಅರ್ಥಶಾಸ್ತ್ರದ ಸಂಪಾದಕರೆಂದೇ ಪ್ರಸಿದ್ಧರಾದ ಅವರು ಕನ್ನಡಕ್ಕೆ ಸಲ್ಲಿಸಿದ ಸೇವೆಯೂ ಗಮನಾರ್ಹವಾದುದು. ಕೆಳದಿ ಅರಸರ ಚರಿತ್ರೆಯನ್ನು ತಿಳಿಸುವ ಲಿಂಗಣ್ಣ ಕವಿಯ ಕೆಳದಿನೃಪವಿಜಯ ಮತ್ತು ಮೈಸೂರಿನ ರಣಧೀರ ಕಂಠೀರವನನ್ನು ಕುರಿತ ಗೋವಿಂದ ವೈದ್ಯನ ಕಂಠೀರವ ನರಸರಾಜ ವಿಜಯ ಎಂಬ ಕಾವ್ಯಗಳು ಅವರ ಸಂಪಾದನೆಯಲ್ಲಿ ಮುದ್ರಣ ಕಂಡವು.

ಪ್ರಾಚೀನ ಭಾರತದ ರಾಜ್ಯವ್ಯವಸ್ಥೆಯ ಬೆಳವಣಿಗೆಯನ್ನು ಕುರಿತು ಅವರು ನೀಡಿದ ಉಪನ್ಯಾಸಗಳನ್ನು ಕಲ್ಕತ್ತಾ ವಿಶ್ವವಿದ್ಯಾಲಯವು 1920ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿತು. ವೇದಕಾಲದ ಪಂಚಾಂಗ, ವೇದಾಂಗ ಜ್ಯೋತಿಷ ಮತ್ತು ಗ್ರಹಣಗಳ ಚಕ್ರ ಇವುಗಳ ಬಗ್ಗೆ ಅವರು ಜೀವನದ ಕೊನೆಯವರೆಗೂ ಸಂಶೋಧನೆ ನಡೆಸಿದರು. ಕಲ್ಕತ್ತಾ ವಿಶ್ವವಿದ್ಯಾಲಯವು 1921ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಕ್ಯಾಂಪ್‌ಬೆಲ್ ಸ್ಮಾರಕ ಪದಕ, ಭಾರತ ಸರ್ಕಾರದ ಮಹಾಮಹೋಪಾಧ್ಯಾಯ ಬಿರುದು ಮತ್ತು ಅರ್ಥಶಾಸ್ತ್ರ ವಿಶಾರದ ಎಂಬ ಬಿರುದು ಅವರಿಗೆ ಸಂದವು. 1944ರಲ್ಲಿ ಅವರು ನಿಧನ ಹೊಂದಿದರು. ಅದಕ್ಕೆ ಒಂದು ವರ್ಷ ಮೊದಲು, ಅಂದರೆ 1943ರಲ್ಲಿ, ಅವರು ಸೇವೆ ಸಲ್ಲಿಸಿದ ಗ್ರಂಥಾಲಯವು ಪ್ರಾಚ್ಯವಿದ್ಯಾ ಸಂಶೋಧನಾಲಯ ಎಂಬ ಹೆಸರನ್ನು ಪಡೆದಿತ್ತು.

ಇಂದಿನ ಗ್ರಂಥಾಲಯಗಳಿಗೆ ಈ ಜೀವನದ ಪ್ರಸ್ತುತತೆ

ಶಾಮಶಾಸ್ತ್ರಿಗಳಲ್ಲಿ ಗ್ರಂಥಪಾಲಕ, ಲಿಪಿತಜ್ಞ, ಸಂಪಾದಕ ಮತ್ತು ಅಧ್ಯಾಪಕ ಎಂಬ ನಾಲ್ಕು ಪಾತ್ರಗಳು ಒಂದಾಗಿದ್ದವು. ಜ್ಞಾನಶಾಖೆಗಳು ವಿಸ್ತರಿಸಿರುವ ಇಂದಿನ ಕಾಲದಲ್ಲಿ ಈ ಪಾತ್ರಗಳು ಬೇರೆ ಬೇರೆ ವ್ಯಕ್ತಿಗಳಿಗೆ ಹಂಚಿಹೋಗಿವೆ. ಹಸ್ತಪ್ರತಿಯ ಸಂರಕ್ಷಣೆ ಮತ್ತು ವಿವರಣೆ ಗ್ರಂಥಾಲಯದವರಿಗೆ ತಿಳಿದಿರುತ್ತದೆ. ಪಾಠದ ಅರ್ಥವು ಅಧ್ಯಾಪಕರಿಗೆ ತಿಳಿದಿರುತ್ತದೆ. ತಂತ್ರಾಂಶವು ತಂತ್ರಜ್ಞರಿಗೆ ತಿಳಿದಿರುತ್ತದೆ. ಇವರು ಯೋಜನೆಯ ಆರಂಭದಿಂದಲೇ ಒಂದೇ ಮೇಜಿನ ಸುತ್ತ ಕುಳಿತರೆ ಮಾತ್ರ ಹಿಂದೆ ಒಬ್ಬರಿಂದಾದ ಕೆಲಸವು ಈಗ ಹಲವರಿಂದ ಆಗಲು ಸಾಧ್ಯ.

ಕೇವಲ ಛಾಯಾಚಿತ್ರ ತೆಗೆದ ಮಾತ್ರಕ್ಕೆ ಹಸ್ತಪ್ರತಿಯು ಓದುಗರಿಗೆ ದೊರೆತಂತಾಗುವುದಿಲ್ಲ. ಕೃತಿಯ ಹೆಸರು, ಲಿಪಿ, ಗರಿಗಳ ಸಂಖ್ಯೆ, ಪ್ರತಿ ದೊರೆತ ಸ್ಥಳ ಮತ್ತು ನೀಡಿದವರ ವಿವರಗಳಿಲ್ಲದ ಚಿತ್ರವು ಬಿಚ್ಚದ ಕಟ್ಟಿನಂತೆಯೇ ಉಳಿಯುತ್ತದೆ. ಈ ವಿವರಗಳನ್ನು ಬರೆಯಲು ಓದಬಲ್ಲವರು ಬೇಕು. ಬರೆದುದನ್ನು ಏಕರೂಪವಾಗಿ ದಾಖಲಿಸಿ ದೀರ್ಘಕಾಲ ಕಾಪಾಡಲು ಗ್ರಂಥಾಲಯ ಬೇಕು. ಅಧ್ಯಾಪಕರೊಬ್ಬರು ನಿವೃತ್ತರಾದ ನಂತರವೂ ಯೋಜನೆಯ ಫಲವು ಜನರಿಗೆ ಸಿಗುವುದು ಸಂಸ್ಥೆಯ ಹೊಣೆಗಾರಿಕೆಯಿಂದಲೇ.

ಇಂತಹ ಸಹಭಾಗಿತ್ವದ ಉದಾಹರಣೆಯಾಗಿ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಹೆಸರಿಸಬಹುದು. ಅನೇಕ ದೇಶಗಳ ವಿದ್ವಾಂಸರು ಗಣಕಯಂತ್ರದಲ್ಲಿ ಟಂಕಿಸಿದ ಭಾರತೀಯ ಭಾಷೆಗಳ ಪಠ್ಯಗಳನ್ನು ಆ ಗ್ರಂಥಾಲಯವು ಗ್ರೆಟಿಲ್ ಎಂಬ ವಿದ್ಯುನ್ಮಾನ ಭಂಡಾರದಲ್ಲಿ ಒಟ್ಟುಗೂಡಿಸಿತು. ಅರ್ಥಶಾಸ್ತ್ರವೂ ಅದರಲ್ಲಿ ಸೇರಿದೆ. ಶಾಸ್ತ್ರಿಗಳು ಸಂಪುಟಗಳಲ್ಲಿ ಜೋಡಿಸಿದ ಪದಗಳನ್ನು ಇಂದು ವಿದ್ಯಾರ್ಥಿಯೊಬ್ಬನು ಕ್ಷಣಮಾತ್ರದಲ್ಲಿ ಹುಡುಕಬಹುದಾಗಿದೆ. ನಮ್ಮ ನಾಡಿನಲ್ಲಿಯೂ 2000ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಪಾಲ್ಗೊಂಡ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಹಳೆಯ ಮುದ್ರಿತ ಗ್ರಂಥಗಳನ್ನು ದೊಡ್ಡ ಪ್ರಮಾಣದಲ್ಲಿ ಸ್ಕ್ಯಾನ್ ಮಾಡಲಾಯಿತು. ಹಸ್ತಪ್ರತಿಗಳ ಗಣತಿ ಮತ್ತು ಸಂರಕ್ಷಣೆಗಾಗಿ ಕೇಂದ್ರ ಸರ್ಕಾರವು 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಅನ್ನು ಆರಂಭಿಸಿತು. 2025ರ ಕೇಂದ್ರ ಬಜೆಟ್‌ನಲ್ಲಿ ಜ್ಞಾನ ಭಾರತಂ ಮಿಷನ್ ಅನ್ನು ಘೋಷಿಸಲಾಯಿತು.

ಶಾಸ್ತ್ರಿಗಳು ಓದಿದ ಗ್ರಂಥ ಲಿಪಿಗೆ ಯೂನಿಕೋಡ್ ಸಂಕೇತಗಳು ದೊರೆತುದು 2014ರಲ್ಲಿ. ಅದುವರೆಗೆ ಆ ಲಿಪಿಯ ಪಾಠವನ್ನು ಅದೇ ಲಿಪಿಯಲ್ಲಿ ಎಲ್ಲ ಗಣಕಯಂತ್ರಗಳಿಗೂ ಹೊಂದುವಂತೆ ಟಂಕಿಸಿ ವಿನಿಮಯ ಮಾಡಿಕೊಳ್ಳಲು ಸಾಮಾನ್ಯ ಕ್ರಮವಿರಲಿಲ್ಲ. ತಂತ್ರಜ್ಞಾನಕ್ಕೆ ನೂರು ವರ್ಷಗಳ ಮೊದಲೇ ಮನುಷ್ಯನ ಕಣ್ಣು ಆ ಲಿಪಿಯನ್ನು ಓದಿತ್ತು. ಹಳೆಯ ಲಿಪಿಗಳನ್ನು ಓದಬಲ್ಲವರ ಸಂಖ್ಯೆಯು ಕಡಿಮೆಯಾದರೆ ಯಂತ್ರಕ್ಕೆ ಕಲಿಸುವವರೂ ಇಲ್ಲದಂತಾಗುತ್ತದೆ ಎಂಬುದನ್ನು ವಿಶ್ವವಿದ್ಯಾಲಯಗಳೂ ವಿದ್ಯಾರ್ಥಿಗಳೂ ಮನಗಾಣಬೇಕಾಗಿದೆ.

ನಾಗರಿಕರ ಗಮನಕ್ಕೆ

ಅರ್ಥಶಾಸ್ತ್ರದ ಪ್ರತಿಯನ್ನು ತಂದುಕೊಟ್ಟ ತಂಜಾವೂರಿನ ಪಂಡಿತರ ಹೆಸರು ಲೋಕಪ್ರಸಿದ್ಧವಾಗಲಿಲ್ಲ. ಆದರೆ ಅವರು ಅದನ್ನು ಗ್ರಂಥಾಲಯಕ್ಕೆ ಒಪ್ಪಿಸದಿದ್ದಲ್ಲಿ ಈ ಕಥೆಯೇ ಇರುತ್ತಿರಲಿಲ್ಲ. ಆದುದರಿಂದ ಹಸ್ತಪ್ರತಿಗಳನ್ನು ಹೊಂದಿರುವವರೂ ಅವುಗಳ ಅಧ್ಯಯನಕ್ಕೆ ಅರ್ಜಿ ಸಲ್ಲಿಸುವವರೂ ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಸೂಕ್ತ.

1. ಓಲೆಗರಿ ಕಟ್ಟಿನ ದಾರ, ಮರದ ಹಲಗೆ ಮತ್ತು ಗರಿಗಳ ಕ್ರಮವನ್ನು ಬದಲಿಸಬಾರದು. ಹರಿದ ಗರಿಗಳಿಗೆ ಅಂಟು ಹಚ್ಚುವುದು, ಪ್ಲಾಸ್ಟಿಕ್ ಹೊದಿಕೆ ಹಾಕುವುದು ಅಥವಾ ಬಿಸಿಲಿನಲ್ಲಿ ಒಣಗಿಸುವುದು ಹಾನಿಕರ.

2. ಕಟ್ಟು ಯಾರ ಮನೆಯಿಂದ, ಯಾವ ಊರಿನಿಂದ, ಯಾವ ಕಾಲದಿಂದ ಬಂದುದೆಂದು ತಿಳಿದಿರುವಷ್ಟನ್ನು ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಬೇಕು. ಒಪ್ಪಿಸುವಾಗ ಈ ವಿವರವನ್ನೂ ಲಿಖಿತವಾಗಿ ನೀಡುವುದರಿಂದ ದಾನಿಗಳ ಹೆಸರು ದಾಖಲೆಯಲ್ಲಿ ಉಳಿಯುತ್ತದೆ.

3. ವೈಜ್ಞಾನಿಕ, ಚಾರಿತ್ರಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ, 75 ವರ್ಷಗಳಿಗೆ ಕಡಿಮೆಯಿಲ್ಲದ ಹಸ್ತಪ್ರತಿಗಳು ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮ, 1972ರ ವ್ಯಾಪ್ತಿಗೆ ಬರುತ್ತವೆ. ಇವುಗಳನ್ನು ಖಾಸಗಿಯಾಗಿ ವಿದೇಶಕ್ಕೆ ಸಾಗಿಸುವುದು ಕಾನೂನುಬಾಹಿರ.

4. ಭಾರತದ ಕಾನೂನಿನ ಪ್ರಕಾರ ಲೇಖಕರ ಮರಣದ ನಂತರದ 60 ವರ್ಷಗಳವರೆಗೆ ಕೃತಿಸ್ವಾಮ್ಯವಿರುತ್ತದೆ. ಶಾಮಶಾಸ್ತ್ರಿಗಳು 1944ರಲ್ಲಿ ನಿಧನರಾದುದರಿಂದ ಅವರ ಜೀವಿತಕಾಲದಲ್ಲಿ ಪ್ರಕಟವಾದ ಅವರ ಕೃತಿಗಳು 2005ರ ಜನವರಿ 1ರಿಂದ ಸಾರ್ವಜನಿಕರ ಸ್ವತ್ತಾಗಿವೆ. ಅವುಗಳನ್ನು ಯಾರು ಬೇಕಾದರೂ ಮುದ್ರಿಸಬಹುದು, ಟಂಕಿಸಬಹುದು ಮತ್ತು ಅಧ್ಯಯನಕ್ಕೆ ಬಳಸಬಹುದು.

5. ಹಸ್ತಪ್ರತಿಯ ಪ್ರತಿಗಾಗಿ ಅರ್ಜಿ ಸಲ್ಲಿಸುವಾಗ ಪಟ್ಟಿಯಲ್ಲಿರುವ ಕ್ರಮಸಂಖ್ಯೆ, ಕೃತಿಯ ಹೆಸರು ಮತ್ತು ಬೇಕಾದ ಗರಿಗಳ ಸಂಖ್ಯೆಯನ್ನು ಸ್ಪಷ್ಟವಾಗಿ ನಮೂದಿಸಬೇಕು. ಪಟ್ಟಿಯಲ್ಲಿ ತಪ್ಪು ಕಂಡುಬಂದಲ್ಲಿ ಅದನ್ನು ಗ್ರಂಥಾಲಯದ ಗಮನಕ್ಕೆ ತರುವುದು ಓದುಗರ ಕರ್ತವ್ಯವೂ ಆಗಿದೆ.

ಪಟ್ಟಿಯಲ್ಲಿ ಸರಿಯಾಗಿ ದಾಖಲಾದ ಒಂದು ಕಟ್ಟು ಯಾವ ಓದುಗನಿಗೆ, ಯಾವ ಕಾಲದಲ್ಲಿ ಉಪಯೋಗಕ್ಕೆ ಬರುವುದೆಂದು ಮೊದಲೇ ಹೇಳಲಾಗುವುದಿಲ್ಲ. ನಾಗರಿಕರು ಒಪ್ಪಿಸುವ ಪ್ರತಿಯೂ, ಅದನ್ನು ಓದಿ ವಿವರ ಬರೆಯುವ ಗ್ರಂಥಪಾಲಕರ ಶ್ರಮವೂ, ಅರ್ಥ ಬಿಡಿಸುವ ಅಧ್ಯಾಪಕರ ವಿದ್ವತ್ತೂ ಒಂದುಗೂಡಬೇಕೆಂಬುದೇ ಶಾಮಶಾಸ್ತ್ರಿಗಳ ಜೀವನದಿಂದ ದೊರೆಯುವ ಮಾರ್ಗದರ್ಶನವಾಗಿದೆ.